ಕರಡು ತಿದ್ದುವವರಿಗೆ ಹಾಸುಗಲ್ಲಿನ ಪರದೆ: ವಿಂಡೋಸ್ 11ರಲ್ಲಿ ವಿಂಡೋಗಳಿಗೆ ನಿಗದಿತ ಜಾಗ ಮಾಡಿಕೊಡುವ ಬಗೆ

ಕಂಪ್ಯೂಟರು ಬರುವ ಮುನ್ನ ಕರಡು ತಿದ್ದುವವರ ಮೇಜಿನ ಮೇಲೆ ಪ್ರತಿಯೊಂದಕ್ಕೂ ಒಂದು ಜಾಗವಿರುತ್ತಿತ್ತು. ಮೂಲಪ್ರತಿ ಎಡಕ್ಕೆ, ಅಚ್ಚಿನ ಮನೆಯಿಂದ ಬಂದ ಕರಡು ಎದುರಿಗೆ, ನಿಘಂಟು ಬಲಗೈಗೆ ಎಟಕುವಷ್ಟು ದೂರದಲ್ಲಿ. ಮೂಲಪ್ರತಿಯ ಮೇಲೆ ಕರಡನ್ನಿಟ್ಟು, ಅದರ ಮೇಲೆ ನಿಘಂಟನ್ನು ಹೇರಿ, ಪದಪದಕ್ಕೂ ಆ ರಾಶಿಯನ್ನು ಕೆಳಗೆ ಮೇಲೆ ಮಾಡುತ್ತ ಕೂರುವವರನ್ನು ಯಾರೂ ಕಂಡಿರಲಾರರು. ಪರದೆಯ ಮುಂದೆ ಕುಳಿತಾಗ ಮಾತ್ರ ನಾವೆಲ್ಲ ಮಾಡುವುದು ಅದನ್ನೇ. ಸ್ಕ್ಯಾನ್ ಪ್ರತಿಯ ಮೇಲೆ ವರ್ಡ್, ವರ್ಡ್‌ನ ಮೇಲೆ ಬ್ರೌಸರ್, ಇವುಗಳ ನಡುವೆ ದಿನಕ್ಕೆ ಸಾವಿರ ಸಲ ಆಲ್ಟ್ ಮತ್ತು ಟ್ಯಾಬ್ ಕೀಲಿಗಳ ಓಡಾಟ.

ಈ ರಾಶಿಯ ಅಪಾಯ ನನಗೆ ಅರಿವಾದದ್ದು ಒಂದು ಮರುಮುದ್ರಣದ ಕೆಲಸದಲ್ಲಿ. ಹಳೆಯ ಆವೃತ್ತಿಯ ಸ್ಕ್ಯಾನ್, ಹೊಸದಾಗಿ ಟೈಪಿಸಿದ ವರ್ಡ್ ಕಡತ, ಅದೇ ಕಡತದಿಂದ ಮಾಡಿದ ಪಿಡಿಎಫ್ ಮೂರೂ ತೆರೆದಿದ್ದವು. ಸ್ಕ್ಯಾನನ್ನು ಅಪ್ಪಟ ಕಪ್ಪು-ಬಿಳುಪಿಗೆ ಶುಚಿಗೊಳಿಸಿದ್ದರಿಂದ ಎರಡು ಪಿಡಿಎಫ್‌ಗಳೂ ಮೇಲ್ನೋಟಕ್ಕೆ ಅವಳಿಗಳಂತಿದ್ದವು. ಒಂದು ಮಧ್ಯಾಹ್ನ ಹನ್ನೊಂದು ಪುಟಗಳು ಒಂದೇ ಒಂದು ತಪ್ಪೂ ಸಿಗದೆ ಸಾಗಿದವು. ಟೈಪಿಸಿದವರ ಕೌಶಲವನ್ನು ಮೆಚ್ಚಿಕೊಳ್ಳುತ್ತ ಹನ್ನೆರಡನೆಯ ಪುಟಕ್ಕೆ ಬಂದಾಗ, ಹಳೆಯ ಆವೃತ್ತಿಯಲ್ಲಿ ಇರಲು ಸಾಧ್ಯವೇ ಇಲ್ಲದ ಹೊಸ ಅಡಿಟಿಪ್ಪಣಿಯೊಂದು ಕಣ್ಣಿಗೆ ಬಿತ್ತು. ಅಷ್ಟು ಹೊತ್ತೂ ನಾನು ಕರಡನ್ನು ಅದರದೇ ನಕಲಿನೊಂದಿಗೆ ಹೋಲಿಸುತ್ತಿದ್ದೆ. ಹಳೆಯ ಸ್ಕ್ಯಾನ್ ಎಲ್ಲದರ ಅಡಿಯಲ್ಲಿ ಸುಮ್ಮನೆ ಮಲಗಿತ್ತು. ತಪ್ಪು ನನ್ನದೇ, ಆದರೆ ಪ್ರತಿ ವಿಂಡೋಗೂ ಒಂದು ಖಾಯಂ ಜಾಗವಿದ್ದಿದ್ದರೆ ಅದು ಮೊದಲನೆಯ ಪುಟದಲ್ಲೇ ಬಯಲಾಗುತ್ತಿತ್ತು.

ವಿಂಡೋಗಳನ್ನು ಒಂದರ ಮೇಲೊಂದು ಬಾರದಂತೆ ಪಕ್ಕಪಕ್ಕಕ್ಕೆ ಜೋಡಿಸುವ ಈ ಕ್ರಮಕ್ಕೆ ಟೈಲಿಂಗ್ ಎನ್ನುತ್ತಾರೆ. ಟೈಲ್ ಎಂದೊಡನೆ ಮಂಗಳೂರು ಹೆಂಚನ್ನು ನೆನೆಯಬಾರದು, ಹೆಂಚುಗಳು ಒಂದರ ಅಂಚಿನ ಮೇಲೊಂದು ಏರಿ ಕೂರುತ್ತವೆ. ಇದು ನೆಲಕ್ಕೆ ಹಾಸಿದ ಕಡಪ ಕಲ್ಲಿನ ಲೆಕ್ಕ. ವಿಚಾರವೇನೂ ಹೊಸದಲ್ಲ. 1985ರ ನವೆಂಬರಿನಲ್ಲಿ ಬಂದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ವಿಂಡೋಗಳು ಹೀಗೆ ಪಕ್ಕಪಕ್ಕದಲ್ಲೇ ಇರಬೇಕಾಗಿತ್ತು. ಒಂದು ಇನ್ನೊಂದನ್ನು ಮುಚ್ಚುವ ಸ್ವಾತಂತ್ರ್ಯ ಸಿಕ್ಕಿದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಲಿನಕ್ಸ್ ಬಳಸುವವರಲ್ಲಿ ಒಂದು ವರ್ಗ ಐ3ಯಂಥ ತಂತ್ರಾಂಶಗಳ ಮೂಲಕ ಈ ಶಿಸ್ತನ್ನು ಇಂದಿಗೂ ಪಾಲಿಸುತ್ತಿದೆ, ಅಲ್ಲಿ ಹೊಸ ವಿಂಡೋ ತೆರೆದ ಕೂಡಲೇ ಉಳಿದವು ತಾವಾಗಿಯೇ ಸರಿದು ಜಾಗ ಕೊಡುತ್ತವೆ. ಕನ್ನಡದ ಪುಸ್ತಕ ಕೆಲಸ ಬಹುಮಟ್ಟಿಗೆ ವಿಂಡೋಸ್‌ನಲ್ಲೇ ನಡೆಯುವುದರಿಂದ ನಾನು ಇಲ್ಲಿ ವಿಂಡೋಸ್ 11ಕ್ಕೆ ಸೀಮಿತವಾಗಿ ಬರೆಯುತ್ತೇನೆ. ಮೆನುಗಳ ಹೆಸರುಗಳನ್ನು ಇಂಗ್ಲಿಷ್ ಪರದೆಯಲ್ಲಿ ಕಾಣುವಂತೆಯೇ ಕೊಟ್ಟಿದ್ದೇನೆ.

ತಂತ್ರಾಂಶವನ್ನು ಮುಟ್ಟುವ ಮೊದಲು ಒಂದು ಹಾಳೆಯನ್ನು ತೆಗೆದುಕೊಂಡು ಪರದೆಯ ಆಕಾರವನ್ನು ಬರೆದು, ನಿಮ್ಮ ಕಣ್ಣು ಯಾವ ಯಾವ ಕಡತಗಳ ನಡುವೆ ಓಡಾಡುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪರದೆಯಲ್ಲಿ ಎಷ್ಟು ವಿಂಡೋ ಹಿಡಿಸುತ್ತವೆ ಎಂದು ಲೆಕ್ಕ ಹಾಕಿ ಆರು ಭಾಗ ಮಾಡಿಬಿಡುತ್ತಾರೆ. ವಾರದೊಳಗೆ ನಾಲ್ಕು ಭಾಗಗಳಲ್ಲಿ ಸಂಗೀತ, ಮಿಂಚಂಚೆ, ವಾಟ್ಸ್ಆ್ಯಪ್ ಬಂದು ಕುಳಿತಿರುತ್ತವೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಒಂದು ವಾಕ್ಯವನ್ನು ತಿದ್ದುವಾಗ ಯಾವುದು ಕಣ್ಣೆದುರು ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ? ನನಗೆ ಉತ್ತರ ಮೂರು, ಎಂದರೆ ಮೂಲದ ಸ್ಕ್ಯಾನ್, ತಿದ್ದುತ್ತಿರುವ ಪಠ್ಯ, ನಿಘಂಟು. ಮಿಂಚಂಚೆಗೆ ಈ ಪರದೆಯಲ್ಲಿ ಜಾಗವಿಲ್ಲ.

ಮೂರು ಎಂದಾಕ್ಷಣ ಪರದೆಯನ್ನು ಮೂರು ಸಮನಾದ ಕಂಬಗಳಾಗಿ ಸೀಳುವ ಆಸೆ ಹುಟ್ಟುತ್ತದೆ. ಸಾಮಾನ್ಯವಾದ 24 ಇಂಚಿನ ಪರದೆ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್ ಹೊಂದಿರುತ್ತದೆ. ಮೂರರಿಂದ ಭಾಗಿಸಿದರೆ ಒಂದೊಂದು ಕಂಬಕ್ಕೆ 640. ಈ ಅಗಲ ಯಾವುದಕ್ಕೂ ಸಾಲದು. ಸ್ಕ್ಯಾನ್ ಪುಟದ ಅಕ್ಷರ ಚಿಕ್ಕದಾಗುತ್ತದೆ, ಕನ್ನಡದ ಉದ್ದನೆಯ ಸಮಾಸಪದಗಳು ವರ್ಡ್‌ನಲ್ಲಿ ಸಾಲಿಗೆ ನಾಲ್ಕರಂತೆ ಮುರಿದು ಬೀಳುತ್ತವೆ, ನಿಘಂಟಿಗೆ ಮಾತ್ರ ಬೇಡದಷ್ಟು ಉದ್ದ ಸಿಗುತ್ತದೆ. ಹೀಗಾಗಿ ಅಗಲವನ್ನು ನಿರ್ಧರಿಸುವ ಹಕ್ಕನ್ನು ನಾನು ಸ್ಕ್ಯಾನಿಗೆ ಕೊಟ್ಟೆ. ಕರಡು ತಿದ್ದುವವರಿಗೆ ಗೊತ್ತಿರುವಂತೆ ಹಳೆಯ ಅಚ್ಚಿನಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯಡಿಯ ಒಂದು ಸಣ್ಣ ಸೀಳು ಮಾತ್ರ; ಮಸಿ ತುಸು ಹರಡಿದರೆ ಅದೂ ಮಾಯ. ಆ ಸೀಳು ಕಾಣುವಷ್ಟು ಹಿಗ್ಗಿಸಿ, ಸಾಲಿನ ಎರಡೂ ತುದಿಗಳು ಅಡ್ಡಕ್ಕೆ ಸರಿಸದೆಯೇ ಕಾಣುವಂತೆ ವಿಂಡೋವನ್ನು ಎಳೆದು ನೋಡಿದಾಗ ನನಗೆ ದಕ್ಕಿದ ಅಗಲ ಸುಮಾರು 880 ಪಿಕ್ಸೆಲ್. ಐದೂವರೆ ಇಂಚು ಅಗಲದ 1/8 ಡೆಮಿ ಪುಟ ಆಗ ಪರದೆಯ ಮೇಲೆ ಒಂದೂಮುಕ್ಕಾಲು ಪಟ್ಟು ದೊಡ್ಡದಾಗಿ ಕಾಣುತ್ತದೆ. ಉಳಿದ 1040 ಪಿಕ್ಸೆಲ್ ಅಗಲದಲ್ಲಿ ಮೇಲಿನ ಮೂರನೆಯ ಎರಡು ಭಾಗ ವರ್ಡ್‌ಗೆ, ಕೆಳಗಿನ ಒಂದು ಭಾಗ ನಿಘಂಟಿಗೆ. ಟಾಸ್ಕ್‌ಬಾರಿನ 48 ಪಿಕ್ಸೆಲ್ ಕಳೆದರೆ ವರ್ಡ್‌ಗೆ 690ರಷ್ಟು, ನಿಘಂಟಿಗೆ 340ರಷ್ಟು ಎತ್ತರ ಸಿಗುತ್ತದೆ. ಒಂದು ಪದದ ಅರ್ಥವನ್ನು ನೋಡಲು ಅಷ್ಟು ಧಾರಾಳ.

ಈ ಅಳತೆಗಳು ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಶೇಕಡಾ 100 ಇದ್ದಾಗ ಮಾತ್ರ ನಿಜ. ಶೇಕಡಾ 125ಕ್ಕೆ ಏರಿಸಿದರೆ 1920ರ ಪರದೆ ಕೆಲಸಕ್ಕೆ ಒದಗುವುದು 1536 ಇದ್ದಂತೆ, 150ಕ್ಕೆ ಏರಿಸಿದರೆ 1280 ಇದ್ದಂತೆ. ಕ್ರೋಮ್‌ನಂಥ ಬ್ರೌಸರುಗಳು ಸುಮಾರು 500 ಪಿಕ್ಸೆಲ್‌ಗಿಂತ ಕಿರಿದಾಗಲು ಒಪ್ಪುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ಕಣ್ಣಿಗೆ ದೊಡ್ಡ ಅಕ್ಷರ ಬೇಕೆನಿಸುವವರು ಇಡೀ ಪರದೆಯ ಸ್ಕೇಲನ್ನು ಏರಿಸುವುದಕ್ಕಿಂತ ಆಯಾ ತಂತ್ರಾಂಶದೊಳಗೆ ಜೂಮ್ ಹೆಚ್ಚಿಸಿಕೊಳ್ಳುವುದು ಮೇಲು.

ಮೊದಲು ವಿಂಡೋಸ್‌ನಲ್ಲಿಯೇ ಇರುವ ಸ್ನ್ಯಾಪ್ ಸೌಲಭ್ಯವನ್ನು ಒಂದೆರಡು ದಿನ ಬಳಸಿ ನೋಡಿ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಮಲ್ಟಿಟಾಸ್ಕಿಂಗ್ ಪುಟಕ್ಕೆ ಹೋಗಿ ಸ್ನ್ಯಾಪ್ ವಿಂಡೋಸ್ ಚಾಲೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಳಿಕ ಯಾವುದೇ ವಿಂಡೋದಲ್ಲಿದ್ದು ವಿಂಡೋಸ್ ಕೀಲಿಯೊಂದಿಗೆ ಝಡ್ ಒತ್ತಿದರೆ ಮೂಲೆಯಲ್ಲಿ ಹಲವು ವಿನ್ಯಾಸಗಳ ಪುಟ್ಟ ಚಿತ್ರಗಳು ಅಂಕಿಗಳೊಂದಿಗೆ ಮೂಡುತ್ತವೆ. ವಿನ್ಯಾಸದ ಅಂಕಿಯನ್ನೂ ಆಮೇಲೆ ಭಾಗದ ಅಂಕಿಯನ್ನೂ ಒತ್ತಿದರೆ ವಿಂಡೋ ಅಲ್ಲಿಗೆ ಹೋಗಿ ಕೂರುತ್ತದೆ. ಉಳಿದ ಖಾಲಿ ಜಾಗಕ್ಕೆ ಯಾವುದು ಬರಬೇಕು ಎಂದು ವಿಂಡೋಸ್ ತಾನೇ ಕೇಳುತ್ತದೆ. ಎರಡು ವಿಂಡೋಗಳ ನಡುವಿನ ಗೆರೆಯನ್ನು ಮೌಸ್‌ನಿಂದ ಎಳೆದರೆ ಒಂದು ಹಿಗ್ಗಿದಷ್ಟು ಇನ್ನೊಂದು ಕುಗ್ಗುತ್ತದೆ, ಗದ್ದೆಯ ಬದುವನ್ನು ಸರಿಸಿದ ಹಾಗೆ, ಆದರೆ ಇಲ್ಲಿ ನೆರೆಯವರೊಂದಿಗೆ ಜಗಳವಿಲ್ಲ. ಎರಡೇ ವಿಂಡೋ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇಷ್ಟೇ ಸಾಕು, ಅವರು ಮುಂದಿನ ಹಂತಕ್ಕೆ ಹೋಗಬೇಕಾಗಿಯೇ ಇಲ್ಲ. ಸ್ನ್ಯಾಪ್‌ನ ಕೊರತೆ ಏನೆಂದರೆ ಸಿದ್ಧ ವಿನ್ಯಾಸಗಳು ಅದರವು, ನಮ್ಮವಲ್ಲ. ನಾವು ಸರಿಸಿಟ್ಟ ಗೆರೆಯನ್ನು ಅದು ನಾಳೆಗೆ ಕಾಪಾಡಿಕೊಡುವುದಿಲ್ಲ.

ನಮ್ಮದೇ ಗೆರೆ ಬೇಕೆಂದರೆ ಪವರ್‌ಟಾಯ್ಸ್ ಎಂಬ ಉಚಿತ, ಮುಕ್ತ ಆಕರದ ಉಪಕರಣಗಳ ಗೊಂಚಲನ್ನು ಹಾಕಿಕೊಳ್ಳಬೇಕು. ಇದು ಮೈಕ್ರೋಸಾಫ್ಟ್‌ನದೇ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುತ್ತದೆ. ಇದರೊಳಗೆ 2019ರಿಂದಲೂ ಇರುವ ಫ್ಯಾನ್ಸಿಝೋನ್ಸ್ ನಮಗೆ ಬೇಕಾದದ್ದು. ಹೆಸರು ಕೇಳಿ ಅಲಂಕಾರದ ಸಾಮಾನು ಎಂದುಕೊಳ್ಳಬೇಡಿ. ಪವರ್‌ಟಾಯ್ಸ್ ತೆರೆದು ಫ್ಯಾನ್ಸಿಝೋನ್ಸ್ ಪುಟದಲ್ಲಿ ಅದನ್ನು ಚಾಲೂ ಮಾಡಿ, ಗೊಂಚಲಿನಲ್ಲಿ ಬೇಡವಾದ ಉಳಿದ ಉಪಕರಣಗಳನ್ನು ಈಗಲೇ ಆರಿಸಿಬಿಡಿ. ಇಲ್ಲದಿದ್ದರೆ ಅವುಗಳ ಶಾರ್ಟ್‌ಕಟ್‌ಗಳು ಎಲ್ಲೋ ಒಂದು ಕಡೆ ನಿಮ್ಮ ಕೀಲಿಗಳಿಗೆ ಅಡ್ಡ ಬರುತ್ತವೆ.

ಈಗ ವಿಂಡೋಸ್, ಶಿಫ್ಟ್ ಎರಡನ್ನೂ ಹಿಡಿದು, ಎಸ್ಕೇಪ್ ಕೀಲಿಯ ಕೆಳಗೆ 1ರ ಎಡಕ್ಕೆ ಇರುವ ಕೀಲಿಯನ್ನು ಒತ್ತಿದರೆ ವಿನ್ಯಾಸದ ಸಂಪಾದಕ ತೆರೆದುಕೊಳ್ಳುತ್ತದೆ. ಒಂದಕ್ಕಿಂತ ಹೆಚ್ಚು ಮಾನಿಟರ್ ಇದ್ದರೆ ಮೇಲ್ಭಾಗದಲ್ಲಿ ಅವೆಲ್ಲ ಕಾಣುತ್ತವೆ, ಯಾವುದಕ್ಕೆ ವಿನ್ಯಾಸ ಮಾಡಬೇಕೋ ಅದನ್ನು ಆರಿಸಿಕೊಳ್ಳಿ. ಸಿದ್ಧ ಮಾದರಿಗಳನ್ನು ಬಿಟ್ಟು ಹೊಸ ವಿನ್ಯಾಸ ಮಾಡುವ ಗುಂಡಿಯನ್ನು ಒತ್ತಿ, "ಕರಡು" ಎಂದೋ "ತಿದ್ದುಪಡಿ" ಎಂದೋ ಹೆಸರು ಕೊಟ್ಟು, ಗ್ರಿಡ್ ಎಂಬ ಬಗೆಯನ್ನು ಆಯ್ದುಕೊಳ್ಳಿ. ಕ್ಯಾನ್ವಾಸ್ ಎಂಬ ಇನ್ನೊಂದು ಬಗೆಯಲ್ಲಿ ಭಾಗಗಳು ಒಂದರ ಮೇಲೊಂದು ಬರಬಹುದು. ನಾವು ಬಿಟ್ಟು ಬಂದ ರಾಶಿಯನ್ನೇ ಅಂದವಾಗಿ ಮರಳಿ ತರುವ ದಾರಿ ಅದು. ನಾನು ಅದನ್ನು ಬಳಸುವುದಿಲ್ಲ.

ಗ್ರಿಡ್‌ನಲ್ಲಿ ಮೌಸ್ ಆಡಿಸಿದಂತೆ ಒಂದು ಗೆರೆ ಹಿಂಬಾಲಿಸುತ್ತದೆ, ಕ್ಲಿಕ್ ಮಾಡಿದಲ್ಲಿ ಪರದೆ ಸೀಳುತ್ತದೆ. ಶಿಫ್ಟ್ ಒತ್ತಿ ಹಿಡಿದರೆ ಅದೇ ಗೆರೆ ದಿಕ್ಕು ಬದಲಿಸಿ ಅಡ್ಡವಿದ್ದದ್ದು ಉದ್ದ, ಉದ್ದವಿದ್ದದ್ದು ಅಡ್ಡ ಆಗುತ್ತದೆ. ಮೊದಲು ಉದ್ದನೆಯ ಗೆರೆಯಿಂದ ಎಡಭಾಗವನ್ನು ಬೇರ್ಪಡಿಸಿ, ಆಮೇಲೆ ಬಲಭಾಗದೊಳಗೆ ಅಡ್ಡಗೆರೆ ಹಾಕಿ. ಕ್ರಮ ತಿರುಗಿಸಿದರೆ ಅಡ್ಡಗೆರೆ ಸ್ಕ್ಯಾನಿನ ಜಾಗವನ್ನೂ ಕತ್ತರಿಸುತ್ತದೆ. ಹಾಗಾಗಿಬಿಟ್ಟರೂ ಗಾಬರಿ ಬೇಡ. ಒಂದು ಭಾಗದಲ್ಲಿ ಮೌಸ್‌ನ ಎಡಗುಂಡಿ ಒತ್ತಿ ಪಕ್ಕದ ಭಾಗದವರೆಗೆ ಎಳೆದು ಬಿಟ್ಟರೆ ಎರಡನ್ನೂ ಸೇರಿಸುವ ಆಯ್ಕೆ ಮೂಡುತ್ತದೆ. ಭಾಗಗಳ ನಡುವಿನ ಖಾಲಿ ಅಂತರವನ್ನು ವಿನ್ಯಾಸದ ಆಯ್ಕೆಗಳಲ್ಲಿ ಸೊನ್ನೆಗೆ ಇಳಿಸಿಬಿಡಿ, ಅಂತರ ಚಿತ್ರದಲ್ಲಿ ಚೆಂದ, ಕೆಲಸದಲ್ಲಿ ದಂಡ. ಅಲ್ಲಿಯೇ ಈ ವಿನ್ಯಾಸಕ್ಕೆ 0ಯಿಂದ 9ರವರೆಗಿನ ಒಂದು ಅಂಕಿಯನ್ನು ಕೊಡಬಹುದು. ಆಮೇಲೆ ವಿಂಡೋಸ್, ಕಂಟ್ರೋಲ್, ಆಲ್ಟ್ ಮೂರರೊಂದಿಗೆ ಆ ಅಂಕಿಯನ್ನು ಒತ್ತಿದರೆ ವಿನ್ಯಾಸ ಬದಲಾಗುತ್ತದೆ.

ವಿಂಡೋವನ್ನು ತನ್ನ ಜಾಗಕ್ಕೆ ಕಳಿಸಲು ಅದರ ಶೀರ್ಷಿಕೆ ಪಟ್ಟಿಯನ್ನು ಹಿಡಿದು ಎಳೆಯುತ್ತಾ ಶಿಫ್ಟ್ ಒತ್ತಿ. ಭಾಗಗಳು ಬಣ್ಣದಲ್ಲಿ ಬೆಳಗುತ್ತವೆ, ಬೇಕಾದಲ್ಲಿ ಬಿಡಿ. ಜೊತೆಗೆ ಕಂಟ್ರೋಲ್ ಕೂಡ ಹಿಡಿದರೆ ಒಂದೇ ವಿಂಡೋವನ್ನು ಎರಡು ಭಾಗಗಳಿಗೆ ಹರಡಬಹುದು, ಉದ್ದನೆಯ ಕೋಷ್ಟಕವನ್ನು ತಿದ್ದುವಾಗ ನಾನು ವರ್ಡ್ ಅನ್ನು ನಿಘಂಟಿನ ಜಾಗಕ್ಕೂ ಹಿಗ್ಗಿಸುವುದು ಹೀಗೆಯೇ. ಫ್ಯಾನ್ಸಿಝೋನ್ಸ್ ಸೆಟ್ಟಿಂಗ್ಸ್‌ನಲ್ಲಿ ಎರಡು ಆಯ್ಕೆಗಳನ್ನು ತಪ್ಪದೆ ಚಾಲೂ ಮಾಡಿ. ಒಂದು, ಓವರ್‌ರೈಡ್ ವಿಂಡೋಸ್ ಸ್ನ್ಯಾಪ್. ಇದರಿಂದ ವಿಂಡೋಸ್ ಕೀಲಿ ಮತ್ತು ಬಾಣದ ಕೀಲಿಗಳು ವಿಂಡೋವನ್ನು ನಿಮ್ಮ ಭಾಗಗಳ ನಡುವೆ ಓಡಾಡಿಸುತ್ತವೆ. ಇದರ ಕೆಳಗಿನ ರಿಲೇಟಿವ್ ಪೊಸಿಷನ್ ಎಂಬುದನ್ನು ಆಯ್ದರೆ ಮೇಲಿನ ಬಾಣ ಮೇಲಕ್ಕೆ, ಕೆಳಗಿನದು ಕೆಳಕ್ಕೆ ಒಯ್ಯುತ್ತದೆ, ಇಲ್ಲವಾದರೆ ಭಾಗದ ಕ್ರಮಸಂಖ್ಯೆಯನ್ನು ನೆನಪಿಡಬೇಕಾಗುತ್ತದೆ. ಎರಡು, ಹೊಸದಾಗಿ ತೆರೆದ ವಿಂಡೋವನ್ನು ಅದು ಕೊನೆಯ ಸಲ ಇದ್ದ ಭಾಗಕ್ಕೇ ಕಳಿಸುವ ಆಯ್ಕೆ. ವಿಂಡೋಗೆ ಖಾಯಂ ಜಾಗ ಎಂದು ಆರಂಭದಲ್ಲಿ ಹೇಳಿದೆನಲ್ಲ, ಅದು ನಿಜವಾಗುವುದು ಈ ಎರಡನೆಯದರಿಂದ.

ಜಾಗ ಸಿಕ್ಕ ಮೇಲೆ ಪ್ರತಿ ತಂತ್ರಾಂಶವನ್ನೂ ಆ ಜಾಗಕ್ಕೆ ಒಗ್ಗಿಸಬೇಕು. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ಮೇಲಿನ ಅಗಲವಾದ ರಿಬ್ಬನ್ ಮಡಚಿಕೊಂಡು ಪಠ್ಯಕ್ಕೆ ಇನ್ನೊಂದಿಷ್ಟು ಸಾಲುಗಳ ಜಾಗ ಬಿಡುಗಡೆಯಾಗುತ್ತದೆ. ಆಕ್ರೊಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಮತ್ತು 2 ಒತ್ತಿದರೆ ಪುಟ ವಿಂಡೋದ ಅಗಲಕ್ಕೆ ಸರಿಯಾಗಿ ಕೂರುತ್ತದೆ. ಬದಿಯ ಪಟ್ಟಿಗಳನ್ನು ಅದಕ್ಕೂ ಮೊದಲೇ ಮುಚ್ಚಿರಬೇಕು. ನಿಘಂಟಿನ ವಿಂಡೋದಲ್ಲಿ ವಿ. ಕೃಷ್ಣ ಅವರ ಅಲರ್‌ನಂಥ ಒಂದೇ ಜಾಲತಾಣವನ್ನು ಇಟ್ಟುಕೊಳ್ಳಿ, ಟ್ಯಾಬ್‌ಗಳ ಸಾಲನ್ನು ಕಟ್ಟಬೇಡಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಮನೆಯಲ್ಲಿರುವವರು ಅವನ್ನು ಮರದ ಮೇಜಿನ ಮೇಲೆಯೇ ಇಟ್ಟುಕೊಳ್ಳಲಿ. ಅವಕ್ಕೆ ಯಾವ ಪರದೆಯೂ ಸಾಲದು.

ಇನ್ನು ಇಂಗ್ಲಿಷ್ ಬರಹಗಳಲ್ಲಿ ಕಾಣಸಿಗದ, ಕನ್ನಡದವರಿಗೆ ಅತಿ ಮುಖ್ಯವಾದ ಒಂದು ಸಂಗತಿ. ವಿಂಡೋಗಳು ಪಕ್ಕಪಕ್ಕದಲ್ಲಿದ್ದಾಗ ಒಂದರಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಾರುತ್ತೇವೆ, ಆದರೆ ಕೀಲಿಮಣೆಯ ಭಾಷೆ ನಮ್ಮೊಂದಿಗೆ ಹಾರಿ ಬಂದುಬಿಡುತ್ತದೆ. ವರ್ಡ್‌ನಲ್ಲಿ ಕನ್ನಡ ಬರೆಯುತ್ತಿದ್ದು ಸ್ಕ್ಯಾನಿನ ವಿಂಡೋಗೆ ಹೋಗಿ ಪುಟಸಂಖ್ಯೆಯನ್ನೋ ಇಂಗ್ಲಿಷ್ ಪದವನ್ನೋ ಹುಡುಕಲು ಹೊರಟರೆ ಕನ್ನಡ ಅಕ್ಷರ ಬೀಳುತ್ತದೆ; ಅಲ್ಲಿ ಇಂಗ್ಲಿಷಿಗೆ ಬದಲಿಸಿ ವರ್ಡ್‌ಗೆ ಮರಳಿದರೆ ಕರಡಿನ ನಡುವೆ ನಾಲ್ಕು ಇಂಗ್ಲಿಷ್ ಅಕ್ಷರಗಳು ನುಸುಳಿರುತ್ತವೆ. ಸೆಟ್ಟಿಂಗ್ಸ್‌ನ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ವಿಭಾಗದಲ್ಲಿ ಟೈಪಿಂಗ್, ಅದರೊಳಗೆ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದು, ಪ್ರತಿ ತಂತ್ರಾಂಶದ ವಿಂಡೋಗೂ ಬೇರೆ ಬೇರೆ ಬರಹದ ವಿಧಾನ ಇಟ್ಟುಕೊಳ್ಳಲು ಬಿಡುವ ಆಯ್ಕೆಗೆ ಗುರುತು ಹಾಕಿ. ಬಳಿಕ ಒಂದು ಸಲ ಪ್ರತಿ ವಿಂಡೋಗೆ ಹೋಗಿ ವಿಂಡೋಸ್ ಮತ್ತು ಸ್ಪೇಸ್ ಕೀಲಿಗಳಿಂದ ಭಾಷೆ ಆರಿಸಿದರೆ ಆ ವಿಂಡೋ ತೆರೆದಿರುವಷ್ಟು ಕಾಲ ಅದು ಹಾಗೆಯೇ ಉಳಿಯುತ್ತದೆ. ವಿಂಡೋಸ್‌ನೊಳಗಿನ ಕನ್ನಡ ಕೀಲಿಮಣೆ ಬಳಸುವವರಿಗೆ ಇದು ಅನ್ವಯಿಸುತ್ತದೆ. ನುಡಿ, ಬರಹದಂಥ ಪ್ರತ್ಯೇಕ ತಂತ್ರಾಂಶಗಳಿಂದ ಕನ್ನಡ ಮೂಡಿಸುವವರು ಆಯಾ ತಂತ್ರಾಂಶದ ಕೀಲಿಯನ್ನೇ ಆಶ್ರಯಿಸಬೇಕು. ಈ ಒಂದು ಗುರುತನ್ನು ಹಾಕದೆ ಟೈಲಿಂಗ್ ಶುರು ಮಾಡಿದ ಕನ್ನಡಿಗರು ವಾರದೊಳಗೆ ಬೇಸತ್ತು ಹಳೆಯ ರಾಶಿಗೆ ಮರಳುತ್ತಾರೆ ಎಂಬುದು ನನ್ನ ಅನುಮಾನ.

ಪರದೆಯಲ್ಲಿ ಜಾಗವಿಲ್ಲವೆಂದ ಮಿಂಚಂಚೆ, ವಾಟ್ಸ್ಆ್ಯಪ್‌ಗಳಿಗೆ ಇನ್ನೊಂದು ಡೆಸ್ಕ್‌ಟಾಪ್ ಕೊಡಿ. ವಿಂಡೋಸ್, ಕಂಟ್ರೋಲ್, ಡಿ ಒತ್ತಿದರೆ ಹೊಸ ಖಾಲಿ ಡೆಸ್ಕ್‌ಟಾಪ್ ಹುಟ್ಟುತ್ತದೆ; ವಿಂಡೋಸ್, ಕಂಟ್ರೋಲ್ ಮತ್ತು ಎಡ ಬಲ ಬಾಣಗಳಿಂದ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಫ್ಯಾನ್ಸಿಝೋನ್ಸ್ ಪ್ರತಿ ಡೆಸ್ಕ್‌ಟಾಪಿಗೂ ಬೇರೆ ವಿನ್ಯಾಸವನ್ನು ನೆನಪಿಡಬಲ್ಲದು.

ಬೆಳಗ್ಗೆ ಕಂಪ್ಯೂಟರ್ ಚಾಲೂ ಮಾಡಿದೊಡನೆ ಮೂರೂ ತಂತ್ರಾಂಶಗಳು ತಂತಮ್ಮ ಜಾಗದಲ್ಲಿ ತೆರೆದುಕೊಳ್ಳಬೇಕೆಂದರೆ ಪವರ್‌ಟಾಯ್ಸ್‌ಗೆ 2024ರಲ್ಲಿ ಸೇರಿದ ವರ್ಕ್‌ಸ್ಪೇಸಸ್ ಎಂಬ ಉಪಕರಣ ಇದೆ. ವಿಂಡೋಸ್, ಕಂಟ್ರೋಲ್ ಮತ್ತು 1ರ ಎಡಗಡೆಯ ಕೀಲಿಯನ್ನು ಒತ್ತಿ, ಹೊಸದನ್ನು ರಚಿಸುವ ಗುಂಡಿ ಆರಿಸಿ, ವಿಂಡೋಗಳೆಲ್ಲ ಸರಿಯಾಗಿ ಕೂತಿರುವಾಗ ಕ್ಯಾಪ್ಚರ್ ಒತ್ತಿದರೆ ಆ ಕ್ಷಣದ ಜೋಡಣೆ ದಾಖಲಾಗುತ್ತದೆ. ಇದು ನೆನಪಿಡುವುದು ತಂತ್ರಾಂಶವನ್ನು, ಅದರೊಳಗೆ ತೆರೆದಿದ್ದ ಕಡತವನ್ನಲ್ಲ. ಹಾಗಾಗಿ ಸುಮ್ಮನೆ ಬಿಟ್ಟರೆ ನಾಳೆ ಖಾಲಿ ವರ್ಡ್ ಬಂದು ನಿಲ್ಲುತ್ತದೆ. ದಾಖಲೆಯನ್ನು ತಿದ್ದುವ ಪುಟದಲ್ಲಿ ಪ್ರತಿ ತಂತ್ರಾಂಶದ ಎದುರಿಗೆ ಆರ್ಗ್ಯುಮೆಂಟ್ಸ್ ಬರೆಯುವ ಜಾಗವಿದೆ. ಅಲ್ಲಿ ಕಡತದ ಪೂರ್ಣ ವಿಳಾಸವನ್ನು ಉದ್ಧರಣ ಚಿಹ್ನೆಗಳ ನಡುವೆ ಹಾಕಿ. ಚಿಹ್ನೆ ಬಿಟ್ಟರೆ, ಹೆಸರಿನ ನಡುವೆ ಖಾಲಿ ಸ್ಥಳವಿರುವ ಕಡತ ತೆರೆಯುವುದಿಲ್ಲ. ಅದೇ ಪುಟದಲ್ಲಿ ಡೆಸ್ಕ್‌ಟಾಪಿನ ಮೇಲೆ ಶಾರ್ಟ್‌ಕಟ್ ಮಾಡಿಸಿಕೊಳ್ಳಬಹುದು. ನನ್ನಲ್ಲಿ ಈಗ ಪುಸ್ತಕಕ್ಕೊಂದು ಶಾರ್ಟ್‌ಕಟ್ ಇದೆ.

ಒಂದೆರಡು ತೊಡಕುಗಳು ಎದುರಾಗಬಹುದು. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುವ ತಂತ್ರಾಂಶಗಳ ವಿಂಡೋಗಳು ಫ್ಯಾನ್ಸಿಝೋನ್ಸ್‌ನ ಮಾತು ಕೇಳುವುದಿಲ್ಲ, ಅವು ಬೇಕೇ ಬೇಕೆಂದರೆ ಪವರ್‌ಟಾಯ್ಸ್ ಅನ್ನೂ ಅದೇ ಅಧಿಕಾರದಲ್ಲಿ ಓಡಿಸಬೇಕು. ಕ್ಯಾಲ್ಕುಲೇಟರ್‌ನಂಥ ಪುಟ್ಟ ವಿಂಡೋಗಳನ್ನು ಭಾಗಕ್ಕೆ ಹಿಗ್ಗಿಸುವುದು ಹಾಸ್ಯಾಸ್ಪದ. ಹೊರಗಿಡುವ ತಂತ್ರಾಂಶಗಳ ಪಟ್ಟಿಯಲ್ಲಿ ಅವುಗಳ ಹೆಸರನ್ನು ಸಾಲಿಗೊಂದರಂತೆ ಬರೆದಿಡಿ. 1366 ಪಿಕ್ಸೆಲ್ ಅಗಲದ ಹಳೆಯ ಲ್ಯಾಪ್‌ಟಾಪಿನಲ್ಲಿ ಮೂರು ಭಾಗಗಳ ಹಟ ಮಾಡಬೇಡಿ. ಸ್ಕ್ಯಾನ್ ಮತ್ತು ಪಠ್ಯ ಎರಡೇ ಇಟ್ಟುಕೊಂಡು ನಿಘಂಟನ್ನು ಫೋನಿನಲ್ಲಿ ನೋಡುವುದು ಅಲ್ಲಿ ಹೆಚ್ಚು ಸುಖ. ಎರಡನೆಯ ಮಾನಿಟರ್ ಕೊಳ್ಳುವ ಶಕ್ತಿಯಿದ್ದವರು ತಿರುಗಿಸಬಹುದಾದ ಸ್ಟ್ಯಾಂಡ್ ಇರುವುದನ್ನೇ ಕೊಂಡು, ಡಿಸ್ಪ್ಲೇ ಸೆಟ್ಟಿಂಗ್ಸ್‌ನ ಓರಿಯಂಟೇಶನ್‌ನಲ್ಲಿ ಪೋರ್ಟ್ರೇಟ್ ಆರಿಸಿ ಅದನ್ನು ಸ್ಕ್ಯಾನಿಗೆ ಮೀಸಲಿಡಲಿ, ಇಡೀ ಪುಟ ತಲೆಯಿಂದ ಕಾಲಿನವರೆಗೆ ಒಮ್ಮೆಗೇ ಕಾಣುತ್ತದೆ.

ಎಲ್ಲ ಹೊಂದಿಕೆಯಾದ ಮೇಲೆ ಪವರ್‌ಟಾಯ್ಸ್‌ನ ಜನರಲ್ ಪುಟದ ಕೆಳಭಾಗದಲ್ಲಿರುವ ಬ್ಯಾಕಪ್ ಗುಂಡಿಯನ್ನು ಒಮ್ಮೆ ಒತ್ತಿ, ಸಿದ್ಧವಾದ ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಆನ್‌ಲೈನ್ ಸಂಗ್ರಹದಲ್ಲೋ ಇಟ್ಟುಕೊಳ್ಳಿ. ಇದರ ಜೊತೆಗೆ ಮೊದಲು ಬರೆದುಕೊಂಡಿದ್ದ ಹಾಳೆಯಲ್ಲಿ ನಿಮ್ಮ 880, 1040ರಂಥ ಅಳತೆಗಳನ್ನು ಗುರುತು ಹಾಕಿ ಮೇಜಿನ ಡ್ರಾಯರಿನಲ್ಲಿ ಹಾಕಿಡಿ. ಕಂಪ್ಯೂಟರ್ ಬದಲಾಯಿಸಿದ ದಿನ ಬ್ಯಾಕಪ್ ಸಿಗದೇ ಹೋದರೂ ಗೆರೆಗಳನ್ನು ಮತ್ತೆ ಎಳೆಯಲು ಐದು ನಿಮಿಷ ಸಾಕಾಗುತ್ತದೆ.